ನಕ್ಕರೆ ಛಾಪಿಸು

“ಸವದತ್ತಿ ಬಸ್ಸು ಸಮಯಕ್ಕೆ ಬಂತು: ತನಿಖೆಗೆ ಆದೇಶ.”

ಈ ಸಾಲು ಬೈಲಹೊಂಗಲದ ಹಳಬರಿಗೆ ಇನ್ನೂ ಬಾಯಿಪಾಠ ಇದೆ. ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿನ ದಾರಿ ಕಾಯುತ್ತ ಕುಳಿತವರಲ್ಲಿ ಯಾರಾದರೂ ಒಬ್ಬರು ಹೇಳುತ್ತಾರೆ, ಉಳಿದವರು ನಗುತ್ತಾರೆ. ಬರೆದವರು ಯಾರು ಎಂಬುದು ಈಗಿನವರಿಗೆ ಗೊತ್ತಿಲ್ಲ. ಬರೆದವರು ನಮ್ಮ ಪ್ರೆಸ್ಸಿನ ಮಾಲಕ ಕಾಕಾ. ಅದನ್ನು ಸೀಸದ ಅಕ್ಷರದ ಮೊಳೆ ಒಂದೊಂದೇ ಹೊಂದಿಸಿ ಅಚ್ಚಿಗೆ ಇಟ್ಟವನು ನಾನು. ಕಾಕಾ ಹೋದ ತಿಂಗಳು ತೀರಿಕೊಂಡರು.

ಅವರ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಎಸ್ಸೆಸ್ಸೆಲ್ಸಿವರೆಗೆ ಓದಿದವ ನಾನು. ಪುಸ್ತಕ ಓದಿ ಕಲಿತ ಕನ್ನಡಕ್ಕಿಂತ ಸೀಸದ ತಿರುಗುಮುರುಗು ಅಕ್ಷರಗಳನ್ನು ಜೋಡಿಸಿ ಕಲಿತ ಕನ್ನಡವೇ ಹೆಚ್ಚು. ಆದರೆ ಅವರ ವಿಷಯದಲ್ಲಿ ಒಂದು ಮಾತನ್ನು ನನ್ನ ಹೊರತು ಬೇರೆ ಯಾರೂ ಹೇಳಲಾರರು. ಅದನ್ನು ಹೇಳದೆ ನಾನೂ ಹೋಗಿಬಿಟ್ಟರೆ ಅವರ ಹೆಸರಿಗೆ ಹತ್ತಿದ ಮಸಿ ಹಾಗೆಯೇ ಉಳಿಯುತ್ತದೆ. ಅದಕ್ಕೆ ಬರೆಯುತ್ತಿದ್ದೇನೆ.

ಬಜಾರದ ಓಣಿಯೊಂದರಲ್ಲಿ, ಬಟ್ಟೆ ಅಂಗಡಿಯ ಹಿಂದೆ ಎರಡು ಖೋಲಿಯ ಪ್ರೆಸ್ಸು ಅವರದು. ಹಿಂದಿನ ಖೋಲಿಯಲ್ಲಿ ಕಾಲಿನಿಂದ ತುಳಿದು ನಡೆಸುವ ಟ್ರೆಡಲ್ ಮಷಿನ್ನು. ಮುಂದಿನ ಖೋಲಿಯಲ್ಲಿ ಅಕ್ಷರಕ್ಕೊಂದು ಖಾನೆ ಮಾಡಿದ ಕಟ್ಟಿಗೆಯ ಕೇಸುಗಳು, ಒಂದು ಕಲ್ಲಿನ ಮೇಜು, ಒಂದು ಕಾಲು ಸಡಿಲಾದ ಸ್ಟೂಲು. ಲಗ್ನಪತ್ರಿಕೆ, ಪಾವತಿ ಬುಕ್ಕು, ನಾಟಕದ ಹ್ಯಾಂಡಬಿಲ್ಲು ನಮ್ಮ ಹೊಟ್ಟೆಪಾಡು. ‘ಖಾರಬ್ಯಾಳಿ’ ಕಾಕಾ ಅವರ ಹುಚ್ಚು.

ಖಾರಬ್ಯಾಳಿ ಅಂದರೆ ಒಂದೇ ಹಾಳೆಯ ಪತ್ರಿಕೆ. ವಾರಕ್ಕೊಮ್ಮೆ, ಸಂತೆಯ ದಿನ ಬರುತ್ತಿತ್ತು. ತಲೆಯ ಮೇಲೆ ಸಣ್ಣ ಅಕ್ಷರದಲ್ಲಿ ಒಂದು ಸೂಚನೆ: “ಇದರಲ್ಲಿಯ ಸುದ್ದಿಗಳೆಲ್ಲ ಸುಳ್ಳು. ಖರೇ ಸುದ್ದಿ ಬೇಕಾದವರು ಬೇರೆ ಪೇಪರ್ ಓದಿ ಮೋಸ ಹೋಗಬಹುದು.” ಅದರ ಕೆಳಗೆ ಬರೀ ಹೆಡ್ಡಿಂಗುಗಳು. ಹೆಡ್ಡಿಂಗಿನ ಕೆಳಗೆ ಸುದ್ದಿ ಇರುತ್ತಿರಲಿಲ್ಲ. ನಾನು ಹೊಸದಾಗಿ ಕೆಲಸಕ್ಕೆ ಸೇರಿದಾಗ ಕೇಳಿದ್ದೆ.

“ಕಾಕಾ, ಕೆಳಗ ಸುದ್ದಿ ಬ್ಯಾಡೇನ್ರಿ?”

“ಹೆಡ್ಡಿಂಗ್ ಓದಿ ನಕ್ಕ ಮ್ಯಾಲೆ ಸುದ್ದಿ ಯಾಂವ ಓದತಾನೊ ತಮ್ಮಾ? ಸುಳ್ಳನ್ನ ಸುಮ್ಮ ಯಾಕ ಹಿಗ್ಗಸಬೇಕು?”

ಸಂತೆಗೆ ಬಂದವರು ಕೊಂಡು, ನಿಂತಲ್ಲೇ ಓದಿ, ಅದೇ ಹಾಳೆಯಲ್ಲಿ ಮಿರ್ಚಿಭಜಿ ಕಟ್ಟಿಸಿಕೊಂಡು ಊರಿಗೆ ಹೋಗುತ್ತಿದ್ದರು. ಯಾರೋ ಅದನ್ನು ಅವರ ಮುಂದೆ ಆಡಿಕೊಂಡಾಗ ಕಾಕಾ, “ಎಣ್ಣಿ ಹತ್ತಿದ ಮ್ಯಾಲೆ ಅಕ್ಷರ ಇನ್ನೂ ಛಲೋ ಕಾಣತಾವಲೊ” ಅಂದರು. ಹಾಗೆ ಎಣ್ಣೆ ಹತ್ತಿದ ಖಾರಬ್ಯಾಳಿ ಕಿತ್ತೂರಿಗೂ ರಾಮದುರ್ಗಕ್ಕೂ ಹೋಗಿ ಮುಟ್ಟುತ್ತಿತ್ತು.

ಕುಳ್ಳ ಮನುಷ್ಯ. ಬಿಳಿ ಅಂಗಿ, ಬಿಳಿ ಧೋತರ. ಮಸಿಯ ಕೆಲಸಕ್ಕೆ ಬಿಳಿ ಬಟ್ಟೆ ಯಾಕೆ ಎಂದು ಕೇಳಿದರೆ, ಕಲೆ ಎಲ್ಲಿ ಬಿತ್ತು ಎಂದು ಗೊತ್ತಾಗಬೇಕಲ್ಲ ಅನ್ನುತ್ತಿದ್ದರು. ಕನ್ನಡಕದ ಒಂದು ಕಡ್ಡಿ ಮುರಿದು, ಆ ಕಡೆ ದಾರ ಕಟ್ಟಿ ಕಿವಿಗೆ ಸುತ್ತಿಕೊಂಡಿದ್ದರು. ಹೆಡ್ಡಿಂಗನ್ನು ಅವರು ಎಂದೂ ಕಾಗದದ ಮೇಲೆ ಬರೆದವರಲ್ಲ. ಕೆಳತುಟಿ ಕಚ್ಚಿಕೊಂಡು ಕೇಸಿನ ಮುಂದೆ ನಿಲ್ಲುತ್ತಿದ್ದರು. ಒಂದೊಂದೇ ಶಬ್ದ ಹೇಳುತ್ತಿದ್ದರು, ನಾನು ಮೊಳೆ ಆರಿಸಿ ಕೈಯಲ್ಲಿ ಹಿಡಿದ ಸಾಲು ಜೋಡಿಸುವ ಸ್ಟಿಕ್ಕಿಗೆ ಇಡುತ್ತಿದ್ದೆ. ಸಾಲು ಮುಗಿದ ಮೇಲೆ ಕಣ್ಣು ಮುಚ್ಚಿ ಮೊಳೆಗಳ ಮೇಲೆ ಹೆಬ್ಬೆರಳು ಆಡಿಸಿ ಓದಿಕೊಳ್ಳುತ್ತಿದ್ದರು. ಒಂದೇ ಸಾಲಿನಲ್ಲಿ ಹಿಡಿಯದಿದ್ದರೆ, “ಇದು ಹೆಡ್ಡಿಂಗ್ ಅಲ್ಲ, ಭಾಷಣ. ಬಿಚ್ಚು” ಅನ್ನುತ್ತಿದ್ದರು.

“ಸೇತುವೆ ಉದ್ಘಾಟನೆ: ಹಳ್ಳಕ್ಕಾಗಿ ಹುಡುಕಾಟ.”

“ನಲ್ಲಿಗೆ ನೀರು ಬಂತು: ನಲ್ಲಿಗೆ ಗುರುತು ಸಿಗಲಿಲ್ಲ.”

“ಊಟದ ವೇಳೆ ಕಚೇರಿಯಲ್ಲಿ ಗುಮಾಸ್ತ ಪತ್ತೆ: ಜನ ಗಾಬರಿ.”

ಇಂಥವು ಅವರಿಗೆ ಚಹಾ ಕುಡಿದಷ್ಟು ಸಲೀಸು. ರಸ್ತೆ, ನಲ್ಲಿ, ಬಸ್ಸು, ಕುರ್ಚಿಗಳ ಮೇಲೆ ಬರೆಯುವಾಗ ಯಾರ ಅಪ್ಪಣೆಯನ್ನೂ ಕೇಳುತ್ತಿರಲಿಲ್ಲ. ಆದರೆ ಇಂಥವರು ಎಂದು ಜನಕ್ಕೆ ಗುರುತು ಸಿಗುವಂಥ ಒಬ್ಬ ಮನುಷ್ಯನ ಮೇಲೆ ಬರೆದರೆ ಅವರದೊಂದು ಕಾಯ್ದೆ ಇತ್ತು. ಅಂಥ ಕಾಯ್ದೆಯನ್ನು ನಾನು ಬೇರೆ ಯಾವ ಪ್ರೆಸ್ಸಿನಲ್ಲೂ ನೋಡಲಿಲ್ಲ, ಕೇಳಲಿಲ್ಲ. ಹೆಡ್ಡಿಂಗಿನ ಪ್ರೂಫ್ ತೆಗೆದು, ಮಸಿ ಆರುವ ಮೊದಲೇ ಅದನ್ನು ಆ ಮನುಷ್ಯನಿಗೇ ಒಯ್ದು ತೋರಿಸಬೇಕು. ಒಯ್ಯುವ ಕೆಲಸ ನನ್ನದು.

“ನಕ್ಕರ ಛಾಪಿಸು. ನಗಲಿಲ್ಲಂದ್ರ ಮೊಳಿ ಬಿಚ್ಚು.” ಇಷ್ಟೇ ಕಾಯ್ದೆ. ಬಿಚ್ಚುವುದೆಂದರೆ ಜೋಡಿಸಿದ ಮೊಳೆಗಳನ್ನು ಒಂದೊಂದಾಗಿ ತಿರುಗಿ ಅವುಗಳ ಖಾನೆಗೆ ಹಾಕುವುದು.

ತಿರುಗಿ ಬಂದ ಕೂಡಲೆ ಕಾಕಾ ಕೇಳುವುದು ಒಂದೇ ಪ್ರಶ್ನೆ. “ಹ್ಯಾಂಗ ನಕ್ಕ?” ನಕ್ಕನೋ ಇಲ್ಲವೋ ಎಂದಲ್ಲ, ಹೇಗೆ ನಕ್ಕ. ನಾನು ಆ ನಗುವನ್ನು ಮಾಡಿ ತೋರಿಸಬೇಕು. ಬಾಯಿಯಿಂದ ನಕ್ಕರೆ ಸಣ್ಣ ಅಕ್ಷರದಲ್ಲಿ, ಕೆಳಗೆಲ್ಲೋ ಮೂಲೆಯಲ್ಲಿ. ಹೊಟ್ಟೆಯಿಂದ ನಕ್ಕರೆ ದೊಡ್ಡ ಅಕ್ಷರದಲ್ಲಿ, ಮೇಲೆ. ಒಮ್ಮೆ ಸಂತೆಯಲ್ಲಿ ತಕ್ಕಡಿ ಹಿಡಿದು ತೂಗುವ ಒಬ್ಬ ಬಡವನ ಬಗ್ಗೆ ಒಂದು ಸಾಲು ಮಾಡಿದ್ದರು. ಅವನು ಪ್ರೂಫ್ ನೋಡಿ ನಕ್ಕ. ನಾನು ಬಂದು, “ಹಲ್ಲು ಕಂಡೂವ್ರಿ, ಆದರ ಕಣ್ಣು ಬಾಗಲಾ ನೋಡಾಕ ಹತ್ತಿದ್ದೂವು” ಅಂದೆ. ಕಾಕಾ ಪ್ರೂಫನ್ನು ಮುದ್ದೆ ಮಾಡಿ ಬುಟ್ಟಿಗೆ ಒಗೆದರು. “ಅಂಜಿ ನಕ್ಕರ ಅದು ನಗು ಅಲ್ಲೊ, ಅರ್ಜಿ. ಬಿಚ್ಚು.”

ಆಗಿನ ಪೊಲೀಸ್ ಫೌಜದಾರರೊಬ್ಬರ ಮೇಲೆ ಮಾಡಿದ್ದು ಇದು: “ಎಮ್ಮೆ ಕಳುವಿನ ತನಿಖೆ ಚುರುಕು: ಎಮ್ಮೆಯ ಹೇಳಿಕೆ ಮಾತ್ರ ಬಾಕಿ.” ನಾನು ಒಯ್ಯಲು ಹೆದರಿದೆ. ಕಾಕಾ ತಾವೇ ನನ್ನನ್ನು ಕರೆದುಕೊಂಡು ಹೋದರು. ಫೌಜದಾರರು ಓದಿ, ಟೋಪಿ ತೆಗೆದಿಟ್ಟು, ಕೆಮ್ಮು ಬರುವ ತನಕ ನಕ್ಕರು. “ನನ್ನ ಹೆಸರೂ ಹಾಕ್ರಿ” ಅಂದರು. ಕಾಕಾ ಕೈ ಮುಗಿದು, “ಹೆಸರ ಬ್ಯಾಡ್ರಿ ಸಾಹೇಬ್ರ. ನಾಳೆ ನಿಮಗ ವರ್ಗಾ ಆಗತೈತಿ, ಎಮ್ಮಿ ಇಲ್ಲೇ ಇರತೈತಿ” ಅಂದರು.

ತಮ್ಮನ್ನೂ ಅವರು ಬಿಟ್ಟವರಲ್ಲ. “ಪ್ರೆಸ್ ಮಾಲಕನ ಮನೆಯಲ್ಲಿ ಹದಿನೇಳು ತಪ್ಪು: ಹೆಂಡತಿಯಿಂದ ತಿದ್ದುಪಡಿ.” ಅದರ ಪ್ರೂಫ್ ಮನೆಗೆ ಹೋಯಿತು. ಅವರ ಹೆಂಡತಿ ಕಾಕೂ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, “ಹದಿನೆಂಟು ಅಂತ ಮಾಡ್ರಿ” ಅಂದರು. ಹದಿನೆಂಟೇ ಆಯಿತು.

ಒಬ್ಬ ಓದಿದ ಮನುಷ್ಯ ಒಮ್ಮೆ ಪ್ರೆಸ್ಸಿನಲ್ಲಿ ಕುಳಿತು, “ನಿಮ್ಮದು ಸುಳ್ಳಿನ ವ್ಯಾಪಾರ” ಎಂದು ಚುಚ್ಚಿದ. ಕಾಕಾ ಹೇಳಿದ ಮಾತು ನನಗೆ ಈಗಲೂ ನೆನಪಿದೆ. “ಹೌದ್ರಿ. ಆದರ ಸುಳ್ಳಿಗೂ ಒಂದು ಮರ್ಯಾದಿ ಐತಿ. ಅದು ಸುಳ್ಳು ಅಂತ ಎಲ್ಲಾರಿಗೂ ಗೊತ್ತಿರಬೇಕು. ಯಾರಿಗೂ ಗೊತ್ತಾಗದಂಗ ಹೇಳೂ ಸುಳ್ಳು ಐತೆಲ್ಲಾ, ಅದು ನಮ್ಮ ಅಂಗಡ್ಯಾಗ ಸಿಗೂದಿಲ್ಲ.”

ಸಿಗುತ್ತಿತ್ತು. ಅದೇ ಅಂಗಡಿಯಲ್ಲಿ, ಅವರ ಎದುರಿಗೇ ನಾನು ನಿಂತಿದ್ದೆ.

ದೊಡವಾಡದಲ್ಲಿ ಕಾಕಾ ಅವರ ಗೆಳೆಯರೊಬ್ಬರಿದ್ದರು. ಕಾಕಾ ಹುಟ್ಟಿದ್ದೂ ಅದೇ ಊರು. ಇಬ್ಬರೂ ಒಂದೇ ಸಾಲೆಯಲ್ಲಿ ಒಂದೇ ಪಾಟಿಯ ಮೇಲೆ ಬರೆದವರು. ಗೆಳೆಯ ಹಾರ್ಮೋನಿಯಂ ಬಾರಿಸುತ್ತ, ಹಳ್ಳಿಯ ಹುಡುಗರಿಗೆ ನಾಟಕ ಕಲಿಸುತ್ತ ಸುತ್ತಿನ ಊರುಗಳಲ್ಲೆಲ್ಲ ಹೆಸರು ಮಾಡಿದ್ದರು. ಹಾರ್ಮೋನಿಯಮ್ಮಿಗೆ ನಮ್ಮ ಕಡೆ ಪೇಟಿ ಅನ್ನುತ್ತಾರೆ. ಹಾಗಾಗಿ ಅವರು ಪೇಟಿ ಮಾಸ್ತರ. ಅವರ ನಾಟಕಗಳ ಹ್ಯಾಂಡಬಿಲ್ಲು ಅಚ್ಚಾಗುತ್ತಿದ್ದುದು ನಮ್ಮಲ್ಲೇ. ಮಾಸ್ತರ ಬಂದರೆ ಅರ್ಧ ದಿನ ಇಬ್ಬರ ಜಗಳ ಕೇಳಬೇಕು.

“ನಿನ್ನ ನಾಟಕ ಯಾವಾಗ ಮುಗೀತಲೇ?”

“ಮುಗದಿಲ್ಲಾ, ಇನ್ನೂ ನಡದೈತಿ. ನೀ ಎದ್ದ ಬಂದಿ.”

ಆ ವಾರ ಬಂದ ಹೆಡ್ಡಿಂಗು: “ದೊಡವಾಡದ ನಾಟಕ ಮುಕ್ತಾಯ: ಪ್ರೇಕ್ಷಕರಿಗೆ ಮೊಮ್ಮಕ್ಕಳಿಂದ ಸ್ವಾಗತ.” ಮಾಸ್ತರ ಅದನ್ನು ಕಟ್ಟು ಹಾಕಿಸಿ ಪೇಟಿಯ ಮೇಲಿನ ಗೋಡೆಗೆ ತೂಗಿಬಿಟ್ಟಿದ್ದರು.

ಅವರಿಗೆ ಪ್ರೂಫ್ ಒಯ್ಯುವುದೆಂದರೆ ಮಾತ್ರ ನನಗೆ ಬೇಸರ. ಮಾಸ್ತರ ಕೂಡಲೆ ಓದುತ್ತಿರಲಿಲ್ಲ. “ಕುಂದರು, ಮೊದಲ ಇದನ್ನ ಕೇಳು” ಎಂದು ಪೇಟಿ ಎಳೆದುಕೊಂಡು ಒಂದು ತಾಸು ಬಾರಿಸುತ್ತಿದ್ದರು. ಆಮೇಲೆ ಓದಿ, ಬಲಗೈಯಿಂದ ಪೇಟಿಯ ಮೇಲೆ ಫಟ್ ಎಂದು ಬಡಿದು ನಗುತ್ತಿದ್ದರು. ಆ ಒಂದು ತಾಸು ಕಾಲು ಮಡಿಚಿ ಕೂತು ತಲೆ ಅಲ್ಲಾಡಿಸುವುದು ನನಗೆ ಶಿಕ್ಷೆ ಆಗುತ್ತಿತ್ತು.

ನಲವತ್ತು ವರ್ಷದ ಹಿಂದಿನ ಮಾತು. ಬೇಸಿಗೆ. ನನಗೆ ಲಗ್ನ ಗೊತ್ತಾಗಿ, ಹೆಣ್ಣಿನವರು ಚಚಡಿಯವರು, ಮುಹೂರ್ತ ತೆಗೆಸುವುದು ನಡೆದಿತ್ತು. ಲಗ್ನಪತ್ರಿಕೆ ಮಾಡಿಸಲು ಬಂದ ದೊಡವಾಡದ ರೈತನೊಬ್ಬ ಮಾತಿಗೆ ಮಾತು ಬಂದು, “ಯಾಕೋ ಎಂಟ ದಿನಾತ್ರಿ ಕಾಕಾ, ಮಾಸ್ತರ ಮನ್ಯಾಗ ಪೇಟಿ ಸಪ್ಪಳನ ಇಲ್ಲ” ಅಂದ. ಪೇಟಿಯ ಗಾಳಿಚೀಲ ಹರಿದಿರಬೇಕು ಎಂದು ಕಾಕಾ ತಿಳಿದರು. ಕೆಳತುಟಿ ಕಚ್ಚಿದರು. ಕೇಸಿನ ಮುಂದೆ ಬಂದು ನಿಂತರು.

“ದೊಡವಾಡದಲ್ಲಿ ಪೇಟಿ ಬಂದ್: ನಾಯಿಗಳಿಗೆ ಸುಖನಿದ್ರೆ.”

ಹೆಬ್ಬೆರಳಿನಿಂದ ಓದಿ ತಾವೇ ನಕ್ಕರು. ಪ್ರೂಫ್ ತೆಗೆದು ನನ್ನ ಕೈಗೆ ಕೊಟ್ಟರು. “ಹೋಗಿ ಬಾ. ಹ್ಯಾಂಗ ನಗತಾನ ನೋಡಿಕೊಂಡು ಬಾ.”

ನಾನು ಹೋಗಲಿಲ್ಲ.

ಬಸ್ ಸ್ಟ್ಯಾಂಡಿನ ತನಕ ಹೋದೆ. ಬಿಸಿಲಿಗೆ ಬಸ್ಸು ಕಾದು ಸುಡುತ್ತಿತ್ತು. ಆ ಒಂದು ತಾಸು ನೆನಪಾಯಿತು. ಮಾಸ್ತರ ನಕ್ಕೇ ನಗುತ್ತಾರೆ, ಎಂದೂ ನಗದೆ ಬಿಟ್ಟವರಲ್ಲ, ಹೋಗಿ ನೋಡುವುದೇನಿದೆ ಅನಿಸಿತು. ಟಾಕೀಸಿನಲ್ಲಿ ಮಧ್ಯಾಹ್ನದ ಆಟ ನಡೆದಿತ್ತು. ಹೋಗಿ ಕುಳಿತೆ. ಆಟ ಬಿಟ್ಟ ಮೇಲೆ ನೇರ ಪ್ರೆಸ್ಸಿಗೂ ಬರಲಿಲ್ಲ. ದೊಡವಾಡದ ಬಸ್ಸು ಬರುವ ತನಕ ಸ್ಟ್ಯಾಂಡಿನಲ್ಲಿ ಕಾಯ್ದು, ಅದರಿಂದ ಇಳಿದವರ ನಡುವೆ ಸೇರಿಕೊಂಡು ನಡೆದು ಬಂದೆ. ಮಾಡಿದ ತಪ್ಪು ಸಣ್ಣದಿರಬಹುದು. ಅದನ್ನು ಎಷ್ಟು ಅಚ್ಚುಕಟ್ಟಾಗಿ ಮಾಡಿದೆ ಎಂಬುದು ನೆನಪಾದರೆ ಈಗಲೂ ನಾಚಿಕೆ ಆಗುತ್ತದೆ.

“ಹ್ಯಾಂಗ ನಕ್ಕ?”

“ಹೊಟ್ಟಿಲೆ ನಕ್ಕರ್ರೀ ಕಾಕಾ. ಪೇಟಿ ಮ್ಯಾಲೆ ಕೈ ಬಡದು ನಕ್ಕರು. ಹಿಂಗ.” ನನ್ನ ಬಲಗೈ ಎತ್ತಿ ಕಲ್ಲಿನ ಮೇಜಿನ ಮೇಲೆ ಬಡಿದು ತೋರಿಸಿದೆ.

ದೊಡ್ಡ ಅಕ್ಷರದಲ್ಲಿ, ಎಲ್ಲಕ್ಕಿಂತ ಮೇಲೆ ಛಾಪಿಸಿದೆವು.

ಸಂತೆ ಆದ ಮರುದಿನ ನಾನು ಊಟ ಮಾಡಿ ಪ್ರೆಸ್ಸಿಗೆ ಬಂದಾಗ ಕಾಕಾ ಇರಲಿಲ್ಲ. ಮಷಿನ್ ತುಳಿಯುವವ, “ಯಾರೋ ದೊಡವಾಡದವರು ಬಂದು ಏನೋ ಬೈದು ಹೋದ್ರು. ಇವರು ಹಂಗ ಎದ್ದು ಬಸ್ಸಿಗೆ ಹೋದ್ರು” ಅಂದ. ಹೊತ್ತು ಇಳಿಯುವಾಗ ಕಾಕಾ ಬಂದರು. ಕೈಗೆ ಮಸಿ ಇರಲಿಲ್ಲ, ಆದರೂ ಸೀಮೆಎಣ್ಣೆ ಹಚ್ಚಿ ಕೈ ತೊಳೆದರು. ಸ್ಟೂಲಿನ ಮೇಲೆ ಕುಳಿತರು.

“ತಮ್ಮಾ, ಮಾಸ್ತರ ಹ್ಯಾಂಗ ನಕ್ಕ ಅಂದಿ?”

ಏನೋ ಎಡವಟ್ಟಾಗಿದೆ ಅನ್ನಿಸಿತು. ಆದರೆ ಸುಳ್ಳು ಒಮ್ಮೆ ಕಾಲೂರಿದ ಮೇಲೆ ಎರಡನೆಯ ಸಲ ಇನ್ನೂ ಗಟ್ಟಿ ನಿಲ್ಲುತ್ತದೆ. “ಹೊಟ್ಟಿಲೆ ನಕ್ಕರ್ರಿ. ಬಲಗೈ ಎತ್ತಿ ಪೇಟಿ ಮ್ಯಾಲೆ ಹಿಂಗ ಬಡದ್ರು. ಚಹಾನೂ ಕುಡಿಸಿದ್ರು.” ಮತ್ತೆ ಬಡಿದು ತೋರಿಸಿದೆ.

ಕಾಕಾ ನನ್ನ ಮುಖ ನೋಡಲಿಲ್ಲ. ಕಲ್ಲಿನ ಮೇಲಿದ್ದ ನನ್ನ ಕೈಯನ್ನೇ ಸ್ವಲ್ಪ ಹೊತ್ತು ನೋಡಿದರು. “ಹೂಂ” ಅಂದರು. ಆಮೇಲೆ, “ಊಟಾ ಆತಿಲ್ಲೊ?” ಎಂದು ಕೇಳಿದರು.

ನಾಲ್ಕು ದಿನದ ನಂತರ ಬಸ್ ಸ್ಟ್ಯಾಂಡಿನಲ್ಲಿ ನನಗೆ ಸುದ್ದಿ ತಿಳಿಯಿತು. ಆ ಹೆಡ್ಡಿಂಗು ಜೋಡಿಸುವ ಎಂಟು ದಿನ ಮೊದಲೇ ಮಾಸ್ತರರಿಗೆ ಲಕವಾ ಹೊಡೆದಿತ್ತು. ಬಲಗೈಯ ಸ್ವಾಧೀನ ಹೋಗಿತ್ತು. ಮುಂದಿನ ನಾಟಕದ ಹೊತ್ತಿಗೆ ಕೈ ತಿರುಗಿ ಬರಬಹುದು ಎಂದು ಮನೆಯವರು ಯಾರಿಗೂ ಹೇಳದೆ ಮುಚ್ಚಿಟ್ಟು ಔಷಧ ಮಾಡಿಸುತ್ತಿದ್ದರು. ಸಂತೆಯಿಂದ ಬಂದವರು ಅವರ ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತು ಖಾರಬ್ಯಾಳಿಯನ್ನು ಗಟ್ಟಿಯಾಗಿ ಓದಿ ನಕ್ಕಿದ್ದರು. ಒಳಗೆ ಹಾಸಿಗೆಯ ಮೇಲಿದ್ದ ಮಾಸ್ತರ ಅದನ್ನು ಕೇಳಿದ್ದರು.

ಬಡಿಯಲು ಅವರಿಗೆ ಬಲಗೈಯೇ ಇರಲಿಲ್ಲ. ನಾನು ಎರಡನೆಯ ಸಲ ಕಲ್ಲಿನ ಮೇಲೆ ಕೈ ಬಡಿದು ತೋರಿಸಿದಾಗ ಕಾಕಾ ಆ ಸತ್ತ ಕೈಯನ್ನು ನೋಡಿಯೇ ಬಂದಿದ್ದರು.

ಆದರೂ ಅವರು ದೊಡವಾಡದಲ್ಲಿ ಹೇಳಿ ಬಂದದ್ದು ಬೇರೆ. “ತಪ್ಪು ನನ್ನದು. ಪ್ರೂಫ್ ಕಳಿಸೂದು ಮರತೆ” ಎಂದಿದ್ದರಂತೆ. ಮಾಸ್ತರ ಗೋಡೆಯ ಕಡೆ ಮುಖ ತಿರುಗಿಸಿದರಂತೆ. ಗೋಡೆಗೆ ತೂಗಿದ ಆ ಕಟ್ಟು ಹಾಕಿದ ಹೆಡ್ಡಿಂಗನ್ನು ಅವರ ಹೆಂಡತಿ ತೆಗೆದು ಕಾಕಾ ಅವರ ಕೈಯಲ್ಲಿ ಕೊಟ್ಟು ಕಳಿಸಿದರಂತೆ. ಊರೆಲ್ಲ ಮಾತಾಡಿತು. ಬಿದ್ದವನ ಮೇಲೆ ಕಲ್ಲು ಒಗೆದ, ಅದೂ ಸಣ್ಣಂದಿನ ಗೆಳೆಯನ ಮೇಲೆ. ಕಾಕಾ ಯಾರಿಗೂ ಉತ್ತರ ಕೊಡಲಿಲ್ಲ. ನನ್ನ ಹೆಸರು ಅವರ ಬಾಯಿಂದ ಹೊರಬೀಳಲಿಲ್ಲ.

ಖಾರಬ್ಯಾಳಿ ಮತ್ತೆ ಬರಲಿಲ್ಲ. ಹೆಡ್ಡಿಂಗಿನ ದೊಡ್ಡ ಮೊಳೆಗಳ ಕೇಸಿಗೆ ಕಾಕಾ ಒಂದು ಹಳೆಯ ಧೋತರ ಹೊದಿಸಿಬಿಟ್ಟರು. ಅದೇ ವಾರ ಆ ಕೇಸನ್ನು ಒಂದೇ ಒಂದು ಸಲ ತೆರೆದರು. ನನ್ನ ಲಗ್ನಪತ್ರಿಕೆಗೆ. “ಇದನ್ನ ನಾನ ಜೋಡಸತೇನಿ, ಮದುಮಗಾ ಮೊಳಿ ಮುಟ್ಟಬಾರದು” ಎಂದು ನಗೆಯಾಡಿ, ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ನನ್ನ ಹೆಸರನ್ನು ಒಂದೊಂದೇ ಅಕ್ಷರ ಆರಿಸಿ ತಾವೇ ಜೋಡಿಸಿದರು. ಆಗ ನನಗೆ ಎಲ್ಲ ಗೊತ್ತಿತ್ತು. ಅವರಿಗೂ ಗೊತ್ತಿತ್ತು. ಅವರಿಗೆ ಗೊತ್ತಿದೆ ಎಂಬುದು ನನಗೆ ಗೊತ್ತಿತ್ತು. ಬಾಯಿ ಬಿಡಬೇಕಾದದ್ದು ಆಗಲೇ. ಬಿಡಲಿಲ್ಲ. ಲಗ್ನ ಮುಗಿಯಲಿ ಅಂದುಕೊಂಡೆ. ಲಗ್ನ ಮುಗಿಯಿತು. ಪಂಚಮಿ ಮುಗಿಯಲಿ ಅಂದುಕೊಂಡೆ. ಹೀಗೆ ನಲವತ್ತು ವರ್ಷ.

ಇನ್ನೂ ಹನ್ನೊಂದು ವರ್ಷ ಅವರ ಕೈಕೆಳಗೆ ದುಡಿದೆ. ಒಂದು ದಿನವೂ ಆ ಮಾತು ತೆಗೆಯಲಿಲ್ಲ, ಒಂದು ದಿನವೂ ಕೆಟ್ಟದಾಗಿ ನಡೆಸಿಕೊಳ್ಳಲಿಲ್ಲ. ಒಂದು ಸಲವಾದರೂ ಕಪಾಳಕ್ಕೆ ಬಾರಿಸಿದ್ದರೆ ನನಗೆ ಹಗುರಾಗುತ್ತಿತ್ತು. ದೊಡವಾಡದ ನಾಟಕದ ಹ್ಯಾಂಡಬಿಲ್ಲುಗಳು ಧಾರವಾಡಕ್ಕೆ ಹೋಗತೊಡಗಿದವು. ಯಾರ ಕೈಯಲ್ಲಾದರೂ ಅವು ಕಂಡರೆ ಕಾಕಾ ಇಸಿದುಕೊಂಡು, ದಾರದ ಕನ್ನಡಕ ಏರಿಸಿ, ಪೂರ್ತಿ ಓದಿ ತಿರುಗಿ ಕೊಡುತ್ತಿದ್ದರು. “ಛಲೋ ಛಾಪಿಸ್ಯಾರ” ಅನ್ನುತ್ತಿದ್ದರು. ಆಮೇಲೆ ಕಂಪ್ಯೂಟರ್ ಬಂದವು. ಮೊಳೆಗಳು ತೂಕದ ಮೇಲೆ ಗುಜರಿಗೆ ಹೋದವು. ನಾನು ಬೇರೆ ಕಡೆ ಟೈಪ್ ಮಾಡುವ ಕೆಲಸ ಹಿಡಿದೆ.

ಈ ವರ್ಷ ಅವರು ಹಾಸಿಗೆ ಹಿಡಿದ ಮೇಲೆ ಆಗಾಗ ಹೋಗಿ ಕೂಡುತ್ತಿದ್ದೆ. ಈಗ ಫೋನಿನಲ್ಲಿ ಖಾರಬ್ಯಾಳಿಯಂಥವು ದಿನಾ ಬರುತ್ತವೆ. ಸುಳ್ಳು ಸುದ್ದಿಯ ಹೆಡ್ಡಿಂಗುಗಳು, ನಗಿಸಲು ಮಾಡಿದವು. ಒಂದಷ್ಟನ್ನು ಓದಿ ಹೇಳಿದೆ. ಛಲೋ ಇದ್ದವಕ್ಕೆ ನಕ್ಕರು. ಒಂದು ಮಾತ್ರ ಯಾರೋ ಒಬ್ಬ ಹೆಣ್ಣುಮಗಳ ಮೋರೆಯ ಮೇಲೆ ಮಾಡಿದ್ದು. ಅದಕ್ಕೆ ಕಣ್ಣು ತೆರೆದು, “ಆಕಿಗೆ ತೋರಿಸಿದ್ರಂತೇನು?” ಎಂದು ಕೇಳಿದರು.

ಅದೇ ಸಂದು ಹಿಡಿದು ಬಾಯಿ ತೆರೆದೆ. “ಕಾಕಾ, ಆ ದೊಡವಾಡದ್ದು... ನಾ ಅವತ್ತ...”

ಹೊದಿಕೆಯೊಳಗಿಂದ ಕೈ ಎತ್ತಿ ತಡೆದರು. “ಹಳೇ ಸಂಚಿಕಿ ಯಾರ ಓದತಾರೊ ತಮ್ಮಾ. ಚಹಾ ಕುಡಿ.”

ಅವರು ನನ್ನನ್ನು ಕ್ಷಮಿಸಿ ಬಿಟ್ಟುಬಿಟ್ಟಿದ್ದರು. ಆದರೆ ಬಿಡಬೇಕಾದವರು ಅವರೊಬ್ಬರೇ ಆಗಿರಲಿಲ್ಲ.

ಕಾಕಾ ಅವರಿಗೆ ಮಣ್ಣು ಕೊಟ್ಟು ಬಂದ ದಿನ ನಾವು ನಾಲ್ಕಾರು ಜನ ಬಜಾರದ ಚಹಾದಂಗಡಿಯಲ್ಲಿ ಕುಳಿತೆವು. ಒಬ್ಬ ಬಸ್ಸಿನ ಹೆಡ್ಡಿಂಗು ಹೇಳಿದ. ಇನ್ನೊಬ್ಬ, ನನಗೆ ಎಮ್ಮೆಯದೇ ಸೇರುತ್ತದೆ ಅಂದ. ಮೂರನೆಯವ ಸೇತುವೆಯದನ್ನು ಹೇಳುವಾಗ ಚಹಾ ಮೂಗಿಗೇರಿ ಕೆಮ್ಮಿದ. ಸಾವಿನ ದಿನ ಹೀಗೆ ನಗುವುದನ್ನು ಕಾಕಾ ನೋಡಿದ್ದರೆ ಹಿಗ್ಗುತ್ತಿದ್ದರು. ಅಷ್ಟರಲ್ಲಿ ಅಂಗಡಿಯವ ಗಲ್ಲೆಯ ಹಿಂದಿನಿಂದ, “ಎಲ್ಲಾ ಖರೆ. ಆದರ ದೊಡವಾಡದ ಮಾಸ್ತರಂದು ಒಂದ ಮಾಡಬಾರದಿತ್ತು ನೋಡ್ರಿ ಅವರು” ಅಂದ. “ಹೂಂ, ಅದೊಂದು ತಪ್ಪಾತು” ಎಂದು ಒಬ್ಬೊಬ್ಬರೇ ಗೋಣು ಹಾಕಿದರು. ನಾನೂ ಹಾಕಿದೆ. ನನ್ನ ತಲೆ ತಾನಾಗಿಯೇ ಅಲ್ಲಾಡಿತು.

ಮರುದಿನ ಬೆಳಿಗ್ಗೆ ಟ್ರಂಕಿನಲ್ಲಿ ನನ್ನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನ ಜೊತೆ ಮಡಿಚಿಟ್ಟಿದ್ದ, ಅವತ್ತು ಒಯ್ಯದೆ ಉಳಿದ ಪ್ರೂಫನ್ನು ತೆಗೆದುಕೊಂಡು ದೊಡವಾಡದ ಬಸ್ಸು ಹತ್ತಿದೆ. ನಲವತ್ತು ವರ್ಷ ತಡವಾಗಿ.

ಮನೆ ಹುಡುಕಬೇಕಾಗಲಿಲ್ಲ. ಕಟ್ಟೆಯ ನೆರಳಿನಲ್ಲಿ ಒಂದು ಕಂದು ನಾಯಿ ಮಲಗಿತ್ತು. ಬಾಗಿಲಲ್ಲಿ ಮಾಸ್ತರರ ಹೆಂಡತಿ, ಬೆನ್ನು ಬಾಗಿದ ಅಜ್ಜಿ.

“ಯಾರ್ರೀ?”

“ಬೈಲಹೊಂಗಲದಿಂದ ಬಂದೇನ್ರಿ ಅವ್ವಾರ. ಪ್ರೆಸ್ಸಿನಾಗ ಮೊಳಿ ಜೋಡಸತಿದ್ದೆ.”

ಅಜ್ಜಿ ಬಾಗಿಲು ಬಿಟ್ಟು ಸರಿದರು. “ಬರ್ರಿ ಒಳಗ. ನೀರ ಕುಡೀರಿ. ಆ ಮಾತ ಮಾತ್ರ ತಗೀಬ್ಯಾಡ್ರಿ.”

ಮಾಸ್ತರ ಮಂಚದ ಮೇಲೆ ಕೂತಿದ್ದರು. ಬಲಗೈ ಮಡಿಲಲ್ಲಿತ್ತು, ಯಾರೋ ಅಲ್ಲಿ ಇಟ್ಟು ಮರೆತು ಹೋದಂತೆ. ಅವರೇ ಆ ಮಾತು ತೆಗೆದರು.

“ಹೋದನಂತಲ್ಲಾ.”

“ಹೌದ್ರಿ ಮಾಸ್ತರ.”

“ಮಣ್ಣಿಗೆ ಬರಬೇಕಂದೆ. ಇಕಿ ಚಪ್ಪಲಿ ತಂದಿಟ್ಟಳು. ಕಾಲಾಗ ಹಾಕ್ಕೊಂಡೆ. ಹಾಕ್ಕೊಂಡು ಇಲ್ಲೇ ಕುಂತೆ.”

ನಾನು ಕೆಳಗೆ ನೆಲದ ಮೇಲೆ ಕುಳಿತು ಎಲ್ಲ ಹೇಳಿದೆ. ಬಸ್ ಸ್ಟ್ಯಾಂಡು, ಬಿಸಿಲು, ಟಾಕೀಸು, ದೊಡವಾಡದ ಬಸ್ಸಿನಿಂದ ಇಳಿದವರ ನಡುವೆ ಸೇರಿಕೊಂಡದ್ದು, ಕಲ್ಲಿನ ಮೇಲೆ ಕೈ ಬಡಿದು ತೋರಿಸಿದ್ದು, ಎರಡನೆಯ ಸಲವೂ ತೋರಿಸಿದ್ದು. ಏನನ್ನೂ ಬಿಡಲಿಲ್ಲ.

ಮಾಸ್ತರ ಮಡಿಲಲ್ಲಿದ್ದ ಬಲಗೈಯನ್ನು ಎಡಗೈಯಿಂದ ಪಕ್ಕಕ್ಕೆ ಸರಿಸಿದರು.

“ಅಂದರ ಅಂವ ಕಳಿಸಿದ್ದ.”

“ಕಳಿಸಿದ್ರು.”

“ನಾ ಕೇಳಿದೆ ಅವಂಗ, ಯಾಕಲೇ ತೋರಸಲಿಲ್ಲಂತ. ಮರತೆ ಅಂದ. ಮರಿಯೂ ಪೈಕಿ ಏನಂವ? ಸಾಲ್ಯಾಗ ನಾಕನೇ ಇಯತ್ತೇದಾಗ ನಾ ಅವನ ಬಳಪಾ ಕದ್ದದ್ದು ನೆನಪಿಟ್ಟಾಂವ. ಅದಕ್ಕ ಸಿಟ್ಟು ಬಂತು ನನಗ. ನಗೂದಿಲ್ಲಂತ ಗೊತ್ತಿದ್ದ ತೋರಸಲಿಲ್ಲ, ಬೇಕಂತ ಮಾಡ್ಯಾನ ಅಂತ ತಿಳಕೊಂಡೆ. ಅವತ್ತ ನಿನ್ನ ಹೆಸರ ಹೇಳಿದ್ರ ಮುಗದ ಹೋಗತಿತ್ತು.”

“ನನ್ನ ಲಗ್ನ ಇತ್ತ್ರಿ...”

ಅಜ್ಜಿ ಬಾಗಿಲ ಚೌಕಟ್ಟಿಗೆ ಆತುಕೊಂಡು ನಿಂತವರು, “ಮೂರು ತಾಸಿನ ಸಿನೇಮಾಕ್ಕ ನಲವತ್ತು ವರ್ಷ ಹಾಳ ಮಾಡಿದಿ ನೋಡಪಾ” ಅಂದರು. ಬೈಯುವ ದನಿ ಇರಲಿಲ್ಲ. ಅದಕ್ಕೇ ನನಗೆ ತಡೆಯಲಿಕ್ಕಾಗಲಿಲ್ಲ.

“ಅಳಬ್ಯಾಡ, ಅಳಾವರ ಸಾಕಷ್ಟು ಮಂದಿ ಬಂದು ಹೋದ್ರು ಈ ಮನಿಗೆ” ಎಂದು ಮಾಸ್ತರ ಎಡಗೈ ಚಾಚಿದರು. “ಪ್ರೂಫ್ ಐತೇನು?”

ಕೊಟ್ಟೆ. ಹಳದಿಯಾಗಿ, ಮಡಿಕೆಯಲ್ಲಿ ಸೀಳಿತ್ತು. ಮಸಿ ಮಾತ್ರ ಹಾಗೇ ಇತ್ತು. ಕನ್ನಡಕ ಹಾಕಿಕೊಂಡು “ನಾಯಿಗಳಿಗೆ ಸುಖನಿದ್ರೆ” ತನಕ ಎರಡು ಸಲ ಓದಿದರು. ಮೀಸೆ ಏನಾದರೂ ಅಲುಗೀತೇ ಎಂದು ನೋಡಿದೆ.

“ನಗು ಬರಲಿಲ್ಲ” ಅಂದರು. “ಮೊಳಿ ಬಿಚ್ಚು.”

“ಮೊಳಿ ಎಲ್ಲಾ ಗುಜರಿಗೆ ಹೋದೂವ್ರಿ ಮಾಸ್ತರ...”

“ಅದು ನನಗ ಗೊತ್ತಿಲ್ಲ. ನಗಲಿಲ್ಲಂದ್ರ ಬಿಚ್ಚಬೇಕು. ಅವನ ಕಾಯ್ದೆ ಅದು, ನಂದಲ್ಲ. ಕುಂದರು, ಇದನ್ನ ಕೇಳು. ಕೇಳಕೋಂತ ಬಿಚ್ಚು.”

ಅಜ್ಜಿ ಪೇಟಿಯನ್ನು ಮಂಚದ ಮೇಲೆ ತಂದಿಟ್ಟು, ಎದುರು ಕೂತು, ಹಿಂದಿನ ಗಾಳಿಯ ಹಲಗೆ ಒತ್ತತೊಡಗಿದರು. ಮಾಸ್ತರ ಎಡಗೈ ಬೆರಳಿನಿಂದ ಬಾರಿಸಿದರು. ಕೈ ಹೋದ ಮೇಲೆ ಗಂಡಹೆಂಡಿರು ಹೀಗೆಯೇ ಪೇಟಿ ಬಾರಿಸುತ್ತ ಬಂದಿದ್ದಾರೆಂದು ಆಗ ತಿಳಿಯಿತು. ಸ್ವರ ಅಲ್ಲಲ್ಲಿ ತಪ್ಪುತ್ತಿತ್ತು. ಗಾಳಿ ಸರಿಯಾಗಿ ಹಾಕು ಎಂದು ಅವರು, ನೀವು ಸರಿಯಾಗಿ ಒತ್ತಿರಿ ಎಂದು ಇವರು. ನಾನು ಕಾಲು ಮಡಿಚಿ ಕೂತು, ಕಣ್ಣು ಮುಚ್ಚಿ, ತೊಡೆಯ ಮೇಲೆ ಬೆರಳಿಟ್ಟುಕೊಂಡು, ಇಲ್ಲದ ಕೇಸಿನ ಇಲ್ಲದ ಖಾನೆಗಳಿಗೆ ಆ ಹೆಡ್ಡಿಂಗಿನ ಮೊಳೆಗಳನ್ನು ಒಂದೊಂದಾಗಿ ಹಾಕುತ್ತ ಹೋದೆ. ಯಾವ ಅಕ್ಷರದ ಖಾನೆ ಎಲ್ಲಿ ಎಂಬುದನ್ನು ಕೈ ಮರೆತಿರಲಿಲ್ಲ. ಕೊನೆಗೆ ಊರಿನ ಹೆಸರಿನ ಮೊದಲ ಅಕ್ಷರ ಒಂದು ಉಳಿದಿತ್ತು. ಅದನ್ನೂ ಹಾಕಿದೆ.

ಅಷ್ಟರಲ್ಲಿ ಹೊರಗೆ ಕಟ್ಟೆಯ ಕೆಳಗಿನ ನಾಯಿ ಎದ್ದಿತು. ಎದ್ದು, ಬಾಗಿಲ ಕಡೆ ಮೋರೆ ಎತ್ತಿ, ಪೇಟಿಯ ಸ್ವರಕ್ಕೆ ಉದ್ದಕ್ಕೆ ಊಳಿಡತೊಡಗಿತು.

ಅಜ್ಜಿಯ ಕೈ ನಿಂತಿತು. ಪೇಟಿ ಉಸಿರು ಕಳೆದುಕೊಂಡಿತು. ಮಾಸ್ತರ ನಾಯಿಯನ್ನು ನೋಡಿದರು, ಮಂಚದ ಮೇಲಿದ್ದ ಪ್ರೂಫನ್ನು ನೋಡಿದರು, “ಲೇ ಮಗನ...” ಅಂದರು. ನಾಯಿಗೆ ಅಂದದ್ದಲ್ಲ ಅದು, ನನಗೂ ಅಲ್ಲ.

ಕಾಕಾ, ನೀವು ಕೇಳುವುದು ಒಂದೇ ಪ್ರಶ್ನೆ, ನನಗೆ ಗೊತ್ತಿದೆ. ನಲವತ್ತು ವರ್ಷ ತಡವಾಯಿತು, ಆದರೆ ಈ ಸಲ ನಾನು ಹೋಗಿಯೇ ಬಂದಿದ್ದೇನೆ, ಕಣ್ಣಾರೆ ನೋಡಿ ಹೇಳುತ್ತಿದ್ದೇನೆ. ಹೊಟ್ಟಿಲೆ ನಕ್ಕರ್ರಿ. ಕಣ್ಣಾಗ ನೀರು ಬರೂವಂಗ ನಕ್ಕರು. ಪೇಟಿ ಮ್ಯಾಲೆ ಕೈ ಬಡದು ನಕ್ಕರು.

ಎಡಗೈ.